ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಅಂತ ಬಂದಿದೆ, ನನ್ನ ಮಗು ಸರಿ ಇಲ್ವಾ ಡಾಕ್ಟ್ರೇ?

ಪ್ರಶ್ನೆ: ನನಗೆ 27 ವರ್ಷ. ಶಿರಸಿ ತಾಲೂಕಿನ ವಾನಳ್ಳಿ ಕಡೆಯ ಹಳ್ಳಿ ನಮ್ಮದು. ತವರು ಹೊನ್ನಾವರ. ಇದು ಮೊದಲ ಬಸಿರು, ಈಗ 15 ವಾರ. 12ನೇ ವಾರದಲ್ಲಿ ಸ್ಕ್ಯಾನಿಂಗ್ ಮತ್ತು ಡಬಲ್ ಮಾರ್ಕರ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು. ಸ್ಕ್ಯಾನಿಂಗ್ ಸರಿ ಇದೆ, ಎನ್‌ಟಿ 1.6 ಮಿ.ಮೀ. ಎಂದಿದೆ. ಆದರೆ ರಕ್ತದ ರಿಪೋರ್ಟಿನಲ್ಲಿ ಡೌನ್ ಸಿಂಡ್ರೋಮ್ 1:190, ಹೈ ರಿಸ್ಕ್ ಎಂದು ಕೆಂಪು ಅಕ್ಷರದಲ್ಲಿದೆ. ಪ್ಯಾಪ್-ಎ 0.38 ಅಂತಲೂ ಇದೆ. ಅವತ್ತಿನಿಂದ ನಿದ್ದೆ ಇಲ್ಲ. ಗಂಡನ ಅಕ್ಕ “ಈಗಲೇ ತೆಗೆಸಿಬಿಡು, ಆಮೇಲೆ ಕಷ್ಟ” ಅಂತಾರೆ. ಅತ್ತೆ “ಈ ಸ್ಕ್ಯಾನಿಂಗು, ಟೆಸ್ಟು ಎಲ್ಲ ದುಡ್ಡು ಮಾಡೋಕೆ, ಸ್ಕ್ಯಾನಿಂಗಿನಿಂದಲೇ ಮಗುವಿಗೆ ತೊಂದರೆ. ನಾನು ನಾಲ್ಕು ಹೆತ್ತೆ, ಎಲ್ಲಾ ಮನೆಯಲ್ಲೇ” ಅಂತಾರೆ. ಡಾಕ್ಟರು ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವ ಪರೀಕ್ಷೆ ಇದೆ ಎಂದರು. ಅದರಿಂದ ಗರ್ಭ ಹೋಗುತ್ತದಂತೆ, ಹೌದಾ? ಇನ್ನೊಂದು ವಿಷಯ, ರಕ್ತ 9.2 ಇದೆಯಂತೆ. ಕಬ್ಬಿಣದ ಮಾತ್ರೆ ತಗೊಂಡರೆ ವಾಂತಿ ಬರುತ್ತದೆ, ಮಗು ಕಪ್ಪಾಗುತ್ತದೆ ಅಂತಲೂ ಹೇಳುತ್ತಾರೆ, ಹಾಗಾಗಿ ಒಂದು ವಾರಕ್ಕೇ ಬಿಟ್ಟೆ. ಬಾಯಿ ರುಚಿಗೆ ಸ್ವಲ್ಪ ಕವಳ (ಎಲೆ-ಅಡಿಕೆ) ಹಾಕುತ್ತೇನೆ, ತಂಬಾಕು ಇಲ್ಲ. ಇದೆಲ್ಲ ದೊಡ್ಡ ವಿಷಯ ಅಲ್ಲ ಅಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಚ್ಚಿನ ಭಾಗ ಡೌನ್ ಸಿಂಡ್ರೋಮ್ ಭಯ. ಕೊನೆಗೆ ನಾಲ್ಕು ಸಾಲು ರಕ್ತದ ಬಗ್ಗೆ, ಅದೂ “ದೊಡ್ಡ ವಿಷಯ ಅಲ್ಲ ಅಲ್ವಾ” ಎಂದು. ನನಗೆ ಓದುವಾಗ ಆತಂಕ ಆದದ್ದು ಆ ಕೊನೆಯ ನಾಲ್ಕು ಸಾಲಿನಲ್ಲಿ. ಆದರೂ ನಿಮ್ಮ ನಿದ್ದೆ ಕೆಡಿಸಿದ್ದು ಆ ಕೆಂಪು ಅಕ್ಷರ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಡೌನ್ ಸಿಂಡ್ರೋಮ್ ಅಂದರೆ ಜೀವಕೋಶದಲ್ಲಿ ಒಂದು ಕ್ರೋಮೋಸೋಮ್ (ವಂಶದ ಗುಣ ಹೊರುವ ಎಳೆ) ಹೆಚ್ಚಿಗೆ ಇದ್ದು, ಹುಟ್ಟಿನಿಂದಲೇ ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ. ಹಾಗಾದರೆ 1:190 ಅಂದರೆ ಏನು? ನಿಮ್ಮಂಥದೇ ರಿಪೋರ್ಟ್ ಬಂದ 190 ಬಸುರಿಯರನ್ನು ಒಂದು ಕಡೆ ಕೂರಿಸಿದರೆ, ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು. ಉಳಿದ 189 ಜನರ ಮಗುವಿಗೆ ಅದು ಇರುವುದಿಲ್ಲ. ಇದು ಅಷ್ಟೇ. ನಿಮ್ಮ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಸುಮಾರು ಸಾವಿರಕ್ಕೊಂದು ಇರುತ್ತದೆ. ನಿಮ್ಮದು ಅದಕ್ಕಿಂತ ಜಾಸ್ತಿ, ನಿಜ. ಆದರೆ ನೂರಕ್ಕೆ ಒಂದೂ ಅಲ್ಲ, ಅರ್ಧ. ಲ್ಯಾಬಿನವರು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಬಹಳ ಕಡೆ ಆ ಗೆರೆ 1:250. ಅದರ ಒಳಗೆ ಬಂದರೆ ‘ಹೈ ರಿಸ್ಕ್’, ಹೊರಗಿದ್ದರೆ ‘ಲೋ ರಿಸ್ಕ್’. 1:240 ಬಂದವಳು ಅಳುತ್ತಾ ಬರುತ್ತಾಳೆ, 1:260 ಬಂದವಳು ನಗುತ್ತಾ ಹೋಗುತ್ತಾಳೆ. ಇಬ್ಬರ ಮಗುವಿಗೂ ಹೆಚ್ಚು ಕಮ್ಮಿ ಒಂದೇ ಸಾಧ್ಯತೆ.

ಈ ಪರೀಕ್ಷೆಯ ಕೆಲಸ ಜರಡಿ ಹಿಡಿಯುವುದು. ಯಾರಿಗೆ ಮುಂದಿನ ಪರೀಕ್ಷೆ ಬೇಕಾಗಬಹುದು ಎಂದು ಬೇರೆ ಮಾಡಿ ಇಡುತ್ತದೆ. ಮಗುವಿಗೆ ಕಾಯಿಲೆ ಇದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನಿಮ್ಮ ಅತ್ತಿಗೆ ಹೇಳಿದಂತೆ ಬರೀ ಈ ರಿಪೋರ್ಟ್ ನೋಡಿ ಗರ್ಭ ತೆಗೆಸುವುದು ದೊಡ್ಡ ತಪ್ಪು. 190ರಲ್ಲಿ 189 ಸಲ ಡೌನ್ ಸಿಂಡ್ರೋಮ್ ಇಲ್ಲದ ಮಗುವನ್ನೇ ಕಳೆದುಕೊಂಡ ಹಾಗಾಗುತ್ತದೆ. ಯಾವ ಜವಾಬ್ದಾರಿಯುತ ವೈದ್ಯರೂ ಡಬಲ್ ಮಾರ್ಕರ್ ಒಂದನ್ನೇ ನಂಬಿ ಹಾಗೆ ಮಾಡುವುದಿಲ್ಲ.

ಇಂಥ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ಅಪಾಯದ ಅಂಕಿಯನ್ನು ನೋಡುವುದಿಲ್ಲ. ಮೇಲಿನ ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ವಿವರ ನೋಡುತ್ತೇನೆ. ನಿಮ್ಮ ಹುಟ್ಟಿದ ದಿನಾಂಕ, ತೂಕ, ರಕ್ತ ತೆಗೆದ ದಿನ, ಸ್ಕ್ಯಾನಿಂಗಿನಲ್ಲಿ ಮಗುವಿನ ಉದ್ದ, ಮಗುವಿನ ಕುತ್ತಿಗೆಯ ಹಿಂದಿನ ನೀರಿನ ಪದರದ ದಪ್ಪ ಹೇಳುವ ಎನ್‌ಟಿ ಅಳತೆ. ಕಂಪ್ಯೂಟರ್ ಲೆಕ್ಕ ಹಾಕುವುದು ಇವನ್ನೆಲ್ಲ ಸೇರಿಸಿಕೊಂಡೇ. 47 ಕೆ.ಜಿ. ಇರುವವರನ್ನು 74 ಎಂದು ಬರೆದರೆ ಲೆಕ್ಕ ಬದಲಾಗುತ್ತದೆ. ಮುಟ್ಟು ಸರಿಯಾಗಿ ಬರದವರಲ್ಲಿ ಕೊನೆಯ ಮುಟ್ಟಿನ ದಿನದಿಂದ ವಾರ ಎಣಿಸಿದರೆ ಒಂದು ವಾರ ಆಚೀಚೆ ಆಗಬಹುದು. ಆಗ ಆ ವಾರಕ್ಕೆ ಸರಿಯಾಗಿಯೇ ಇರುವ ರಕ್ತದ ಅಂಶ ಕಮ್ಮಿ ಅಥವಾ ಜಾಸ್ತಿ ಎಂದು ಕಾಣುತ್ತದೆ. ಕೆಲವೊಮ್ಮೆ ಎನ್‌ಟಿ ಅಳತೆಯನ್ನು ಲ್ಯಾಬಿಗೆ ಕೊಟ್ಟೇ ಇರುವುದಿಲ್ಲ. ಬರೀ ರಕ್ತದ ಮೇಲೆ ಲೆಕ್ಕ ಹಾಕಿರುತ್ತಾರೆ. ನಿಮ್ಮ ಎನ್‌ಟಿ 1.6 ಅಂದರೆ ಒಳ್ಳೆಯ ಅಳತೆ. ಅದು 1:190ರ ಲೆಕ್ಕದಲ್ಲಿ ಸೇರಿದೆಯಾ ಇಲ್ವಾ? ಇದನ್ನು ನಾಳೆಯೇ ಲ್ಯಾಬಿಗೆ ಫೋನ್ ಮಾಡಿ ಕೇಳಿ. ಸೇರಿಲ್ಲದಿದ್ದರೆ ಸೇರಿಸಿ ಮತ್ತೆ ಲೆಕ್ಕ ಹಾಕಿಕೊಡಲು ಹೇಳಿ. ಹೊಸ ರಕ್ತ ಕೊಡಬೇಕಾಗಿಲ್ಲ.

ವಿವರ ಎಲ್ಲ ಸರಿಯಿದ್ದೂ 1:190 ಹಾಗೇ ಉಳಿದರೆ ನಿಮ್ಮ ಮುಂದೆ ಮೂರು ದಾರಿ ಇವೆ.

ಒಂದು, ಎನ್‌ಐಪಿಟಿ. ನಿಮ್ಮ ಕೈಯಿಂದ ರಕ್ತ ತೆಗೆಯುತ್ತಾರೆ, ಹೊಟ್ಟೆಗೆ ಏನೂ ಮಾಡುವುದಿಲ್ಲ. ತಾಯಿಯ ರಕ್ತದಲ್ಲಿ ಮಾಸಿನಿಂದ ಬಂದ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ, ಅವನ್ನು ನೋಡುವ ಪರೀಕ್ಷೆ ಇದು. 10ನೇ ವಾರದ ನಂತರ ಯಾವಾಗ ಬೇಕಾದರೂ ಮಾಡಬಹುದು. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ನೂರಕ್ಕೆ 99ರಷ್ಟನ್ನು ಹಿಡಿಯುತ್ತದೆ. ರಕ್ತವನ್ನು ಶಿರಸಿಯಲ್ಲೇ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಬಹುದು. ರಿಪೋರ್ಟಿಗೆ ಒಂದೆರಡು ವಾರ ಹಿಡಿಯುತ್ತದೆ. ಕಷ್ಟ ಇರುವುದು ದುಡ್ಡಿನಲ್ಲಿ, ಹತ್ತು ಸಾವಿರದ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ಆಗಬಹುದು. ಇದೂ ಜರಡಿಯೇ, ಆದರೆ ಬಹಳ ಸಣ್ಣ ಕಣ್ಣಿನ ಜರಡಿ. ‘ಲೋ ರಿಸ್ಕ್’ ಬಂದರೆ ನೆಮ್ಮದಿಯಿಂದ ಇರಬಹುದು. ‘ಹೈ ರಿಸ್ಕ್’ ಬಂದರೆ ಮಾತ್ರ ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ಸಣ್ಣ ವಯಸ್ಸಿನವರಲ್ಲಿ ಇದೂ ತಪ್ಪಾಗಿ ಹೆದರಿಸುವುದುಂಟು. ಆಗ ಎರಡನೆಯ ದಾರಿ ಬೇಕೇ ಬೇಕು.

ಆ ಎರಡನೆಯದೇ ನಿಮ್ಮ ಡಾಕ್ಟರು ಹೇಳಿದ ಸೂಜಿಯ ಪರೀಕ್ಷೆ, ಆಮ್ನಿಯೋಸೆಂಟೆಸಿಸ್. 15 ವಾರ ತುಂಬಿದ ಮೇಲೆ ಮಾಡುತ್ತಾರೆ. ಸ್ಕ್ಯಾನಿಂಗಿನಲ್ಲಿ ಮಗುವನ್ನು ನೋಡುತ್ತಲೇ, ಮಗುವಿಗೆ ತಾಗದ ಜಾಗದಲ್ಲಿ ತೆಳ್ಳಗಿನ ಸೂಜಿ ಹಾಕಿ ನಾಲ್ಕು ಚಮಚದಷ್ಟು ಗರ್ಭದ ನೀರು ತೆಗೆಯುತ್ತಾರೆ. ಮಗುವಿಗೆ ಚುಚ್ಚುವುದಿಲ್ಲ. ಆ ನೀರು ಮತ್ತೆ ತುಂಬಿಕೊಳ್ಳುತ್ತದೆ. ನೀರಿನಲ್ಲಿ ಮಗುವಿನದೇ ಜೀವಕೋಶ ಇರುವುದರಿಂದ ಈ ಉತ್ತರ ಖಚಿತ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. “ಗರ್ಭ ಹೋಗುತ್ತದಂತೆ” ಎಂಬ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಅನುಭವ ಇರುವ ಕೈಯಲ್ಲಿ ಈ ಪರೀಕ್ಷೆಯಿಂದ ಗರ್ಭ ಹೋಗುವ ಸಾಧ್ಯತೆ 200ರಲ್ಲಿ ಒಂದಕ್ಕಿಂತ ಕಮ್ಮಿ. ಕಮ್ಮಿ ಹೌದು, ಆದರೆ ಸೊನ್ನೆಯಲ್ಲ. ನಿಮ್ಮ ರಿಪೋರ್ಟಿನ ಸಾಧ್ಯತೆಯೂ ಹೆಚ್ಚು ಕಮ್ಮಿ ಅಷ್ಟೇ ಇದೆ ನೋಡಿ. ಅದಕ್ಕೇ 1:190 ಬಂದವರಿಗೆ ನಾನು ನೇರವಾಗಿ ಸೂಜಿಯ ಪರೀಕ್ಷೆಗೆ ಕಳಿಸುವುದಿಲ್ಲ. 1:20, 1:30 ಬಂದಿದ್ದರೆ ಅಥವಾ ಎನ್‌ಟಿ ದಪ್ಪ ಇದ್ದಿದ್ದರೆ ಮಾತು ಬೇರೆ. ಮಾಡಿಸುವುದಾದರೆ ಇದೇ ಕೆಲಸದಲ್ಲಿ ಪಳಗಿದ ಫೀಟಲ್ ಮೆಡಿಸಿನ್ (ಹೊಟ್ಟೆಯೊಳಗಿನ ಮಗುವಿನ) ತಜ್ಞರ ಹತ್ತಿರವೇ ಹೋಗಿ. ಅದಕ್ಕೆ ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಿನ ಪ್ರಯಾಣ ಆಗುತ್ತದೆ.

ಮೂರನೆಯ ದಾರಿ ಏನೆಂದರೆ ಡೌನ್ ಸಿಂಡ್ರೋಮಿಗಾಗಿ ಮುಂದಿನ ಪರೀಕ್ಷೆ ಯಾವುದೂ ಮಾಡಿಸದೆ, 18ರಿಂದ 20 ವಾರದೊಳಗೆ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನಿಂಗ್ ಮಾತ್ರ ಮಾಡಿಸುವುದು. ಇದು ಎಲ್ಲಾ ಬಸುರಿಯರಿಗೂ ಬೇಕಾದದ್ದೇ. ಹೃದಯ, ಬೆನ್ನುಹುರಿ, ಮೆದುಳು, ಕಿಡ್ನಿ ಎಲ್ಲ ನೋಡುತ್ತಾರೆ. ಆದರೆ ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳು ಸ್ಕ್ಯಾನಿಂಗಿನಲ್ಲಿ ಮಾಮೂಲಿಯಾಗೇ ಕಾಣುತ್ತಾರೆ. ಹಾಗಾಗಿ ಸ್ಕ್ಯಾನಿಂಗ್ ಚೆನ್ನಾಗಿ ಬಂದರೆ ಭಯ ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ.

ಯಾವುದನ್ನು ಆರಿಸಬೇಕು? ನೀವೂ ನಿಮ್ಮ ಯಜಮಾನರೂ ಇಬ್ಬರೇ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ. ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎಂದು ಖಚಿತವಾಗಿ ಗೊತ್ತಾದರೆ ನಾವು ಏನು ಮಾಡುತ್ತೇವೆ? ಕೆಲವರು “ಏನೇ ಇರಲಿ, ನಮ್ಮ ಮಗು” ಅಂತಾರೆ. ಅವರಿಗೆ ಸೂಜಿಯ ಪರೀಕ್ಷೆ ಬೇಕಾಗಿಲ್ಲ. ಆದರೂ ಮೊದಲೇ ತಿಳಿದರೆ ಒಂದು ಲಾಭ ಇದೆ. ಇಂಥ ಮಕ್ಕಳಲ್ಲಿ ಹೆಚ್ಚು ಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಮಕ್ಕಳ ಹೃದಯ ತಜ್ಞರು ಇರುವ ಕಡೆಯೇ ಹೆರಿಗೆ ಇಟ್ಟುಕೊಳ್ಳಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ, ಆದರೆ ಕಲಿಯುತ್ತಾರೆ. ಶಾಲೆಗೆ ಹೋಗುವ, ಅಂಗಡಿಯಲ್ಲಿ ಅಪ್ಪನಿಗೆ ಕೈ ಜೋಡಿಸುವ ಮಕ್ಕಳನ್ನು ನಾನು ಕಂಡಿದ್ದೇನೆ. ಇನ್ನು ಕೆಲವರು “ನಮ್ಮಿಂದ ಸಾಧ್ಯವಿಲ್ಲ” ಅಂತಾರೆ. ಅವರನ್ನೂ ನಾನು ತಪ್ಪು ಎನ್ನುವುದಿಲ್ಲ. ಆ ಮನೆಯ ಕಷ್ಟ ನನಗೆ ಗೊತ್ತಿರುವುದಿಲ್ಲ. ಅಂಥವರಿಗೆ ಖಚಿತ ಉತ್ತರ ಬೇಕು, ಬೇಗ ಬೇಕು. ಗರ್ಭ ತೆಗೆಸಲು ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ಕೆಲವು ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶ ಇದೆ. ಅದರ ನಂತರ ಮಗುವಿಗೆ ಗಂಭೀರ ನ್ಯೂನತೆ ಇದೆ ಎಂದು ಮೆಡಿಕಲ್ ಬೋರ್ಡ್ ಒಪ್ಪಬೇಕು. ಒಂದು ಮಾತು ನೆನಪಿಡಿ. 18 ತುಂಬಿದ ಹೆಣ್ಣಿನ ವಿಷಯದಲ್ಲಿ ಒಪ್ಪಿಗೆ ಅವಳದ್ದೊಂದೇ ಬೇಕು. ಗಂಡನದ್ದಾಗಲಿ, ಅತ್ತಿಗೆಯದ್ದಾಗಲಿ ಕಾನೂನು ಕೇಳುವುದಿಲ್ಲ.

ನಿಮ್ಮ ಜಾಗದಲ್ಲಿ ನನ್ನ ಸ್ವಂತ ತಂಗಿ ಇದ್ದರೆ? ದುಡ್ಡು ಹೊಂದಿಸಲು ಆಗುವುದಾದರೆ ಈ ವಾರವೇ ಎನ್‌ಐಪಿಟಿಗೆ ರಕ್ತ ಕೊಡು ಎನ್ನುತ್ತಿದ್ದೆ. ಆಗದಿದ್ದರೆ ಸಾಲ ಮಾಡಬೇಡ, ಒಳ್ಳೆಯ ಅನಾಮಲಿ ಸ್ಕ್ಯಾನಿಂಗ್ ಮಾಡಿಸಿ ಮುಂದೆ ನೋಡೋಣ ಎನ್ನುತ್ತಿದ್ದೆ.

ಅದೇ ರಿಪೋರ್ಟಿನಲ್ಲಿ ಯಾರೂ ನಿಮಗೆ ಹೇಳದ ಇನ್ನೊಂದು ಸಾಲಿದೆ, ಪ್ಯಾಪ್-ಎ 0.38. ಇದು ಮಾಸಿನಿಂದ ಬರುವ ಒಂದು ಅಂಶ. ಸರಾಸರಿ 1 ಎಂದಿಟ್ಟುಕೊಂಡರೆ ನಿಮ್ಮದು ಅರ್ಧಕ್ಕಿಂತ ಕಮ್ಮಿ. ಮಗುವಿನ ಕ್ರೋಮೋಸೋಮ್ ಸರಿಯಿದ್ದೂ ಇದು ಕಮ್ಮಿ ಇದ್ದರೆ, ಮುಂದೆ ಬಿ.ಪಿ. ಏರುವ ಅಥವಾ ಮಗು ಸಣ್ಣದಾಗಿ ಬೆಳೆಯುವ ಸಾಧ್ಯತೆ ಸ್ವಲ್ಪ ಜಾಸ್ತಿ. ಇಂಥವರಲ್ಲಿ ಕೆಲವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ಕೊಡುತ್ತೇವೆ. ಅದನ್ನು 16 ವಾರದೊಳಗೆ ಶುರು ಮಾಡಿದರೆ ಉಪಯೋಗ ಹೆಚ್ಚು. ನಿಮಗೆ ಬೇಕೋ ಬೇಡವೋ ಅನ್ನುವುದು ನಿಮ್ಮ ಬಿ.ಪಿ., ತೂಕ, ಮನೆತನದ ಇತಿಹಾಸ ನೋಡಿ ನಿಮ್ಮ ಡಾಕ್ಟರು ಹೇಳಬೇಕು. ಅಂಗಡಿಯಿಂದ ತಂದು ನೀವೇ ನುಂಗಬೇಡಿ. ಆದರೆ ಇನ್ನೊಂದು ವಾರ ತಡ ಮಾಡದೆ ಹೋಗಿ ಕೇಳಿ.

ಇನ್ನು ಅತ್ತೆಯ ಮಾತು. ಸ್ಕ್ಯಾನಿಂಗಿನಲ್ಲಿ ಎಕ್ಸ್‌ರೇ ಇಲ್ಲ. ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಒಳಗೆ ಹೋಗಿ ತಾಗಿ ವಾಪಸ್ ಬರುತ್ತದೆ, ಅದರಿಂದ ಚಿತ್ರ ಮೂಡುತ್ತದೆ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ 1958ರಲ್ಲಿ ಇದರ ಬಗ್ಗೆ ಬರೆದ ಮೇಲೆ ಲೋಕದಲ್ಲೆಲ್ಲ ಬಸುರಿಯರಿಗೆ ಬಳಕೆಗೆ ಬಂತು. ಇಷ್ಟು ವರ್ಷದಲ್ಲಿ ವೈದ್ಯರು ಬೇಕೆಂದು ಮಾಡಿಸಿದ ಸ್ಕ್ಯಾನಿಂಗಿನಿಂದ ಮಗುವಿಗೆ ಹಾನಿಯಾಯಿತು ಎಂದು ಸಾಬೀತಾಗಿಲ್ಲ. ಹಾಗೆಂದು ಪ್ರತಿ ತಿಂಗಳೂ ಸುಮ್ನೆ ಮಾಡಿಸುವುದೂ ಬೇಕಿಲ್ಲ. ತೊಂದರೆ ಇಲ್ಲದ ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಒಂದು, ಐದನೇ ತಿಂಗಳಲ್ಲಿ ಒಂದು, ಕೊನೆಯಲ್ಲಿ ಮಗುವಿನ ಬೆಳವಣಿಗೆಗೆ ಒಂದು ಸಾಕು. ನಿಮಗೆ ಪ್ಯಾಪ್-ಎ ಕಾರಣಕ್ಕೆ ಏಳನೇ ತಿಂಗಳಿನ ನಂತರ ಒಂದೆರಡು ಜಾಸ್ತಿ ಬೇಕಾಗಬಹುದು. ಅಲ್ಲಿ ಗಂಡೋ ಹೆಣ್ಣೋ ಎಂದು ಯಾರೂ ಹೇಳುವುದಿಲ್ಲ. 1994ರ ಕಾಯ್ದೆ ಪ್ರಕಾರ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ.

ಅತ್ತೆ ಮನೆಯಲ್ಲೇ ನಾಲ್ಕು ಹೆತ್ತಿದ್ದಾರೆ. ಅದು ಸಣ್ಣ ಮಾತಲ್ಲ, ಅವರ ಗಟ್ಟಿತನಕ್ಕೆ ಕೈ ಮುಗಿಯುತ್ತೇನೆ. ಆದರೆ ನನ್ನ ಅನುಭವ ಒಂದು ಹೇಳುತ್ತೇನೆ. ಸೊಸೆಯ ಜೊತೆ ಬಂದು “ನನಗೆ ನಾಲ್ಕು ಮಕ್ಕಳು, ಯಾವ ಆಸ್ಪತ್ರೆಯೂ ಬೇಕಾಗಲಿಲ್ಲ” ಎನ್ನುವ ಅಮ್ಮಂದಿರಿಗೆ ಕುರ್ಚಿ ಕೊಟ್ಟು, ಸ್ವಲ್ಪ ಹೊತ್ತು ಮಾತಾಡಿಸಿದರೆ, ಬಹಳ ಜನ ತಲೆ ತಗ್ಗಿಸಿ “ಮತ್ತೊಂದಿತ್ತು, ಉಳಿಯಲಿಲ್ಲ” ಎನ್ನುತ್ತಾರೆ. ಇಲ್ಲವೇ ಹೆರಿಗೆಯಲ್ಲಿ ಹೋದ ಅಕ್ಕನನ್ನೋ, ಓರಗಿತ್ತಿಯನ್ನೋ ನೆನಪು ಮಾಡಿಕೊಳ್ಳುತ್ತಾರೆ. 2004-06ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ತೀರಿಕೊಳ್ಳುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇಳಿಸಿದ್ದು ದುಬಾರಿ ಟೆಸ್ಟುಗಳಲ್ಲ. ಹೆರಿಗೆ ಆಸ್ಪತ್ರೆಯಲ್ಲಾಗಿದ್ದು, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಿದ್ದು, 108 ಗಾಡಿ ಸಿಕ್ಕಿದ್ದು, ಬಿ.ಪಿ. ನೋಡಿದ್ದು, ರಕ್ತ ನೋಡಿದ್ದು. ಅತ್ತೆಗೆ ಇದನ್ನು ವಾದದಂತೆ ಹೇಳಬೇಡಿ. ಮುಂದಿನ ಸಲ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಮಗುವಿನ ಎದೆಬಡಿತ ಒಂದು ಸಲ ಅವರ ಕಿವಿಗೂ ಬೀಳಲಿ.

ಈಗ ಆ ಕೊನೆಯ ನಾಲ್ಕು ಸಾಲಿಗೆ ಬರುತ್ತೇನೆ.

ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 7ರಿಂದ 9.9 ಮಧ್ಯಮ ಮಟ್ಟದ್ದು. ನೀವು ಅಲ್ಲಿದ್ದೀರಿ. ಡೌನ್ ಸಿಂಡ್ರೋಮ್ 190ರಲ್ಲಿ ಒಂದು ಸಾಧ್ಯತೆ, ನಿಮ್ಮ ರಕ್ತಹೀನತೆ ಈಗಾಗಲೇ ಇರುವ ವಿಷಯ. ಇದರಲ್ಲಿ “ಇರಬಹುದು” ಇಲ್ಲ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಮೊದಲ ಕಾರಣ ಹೆರಿಗೆಯ ನಂತರದ ರಕ್ತಸ್ರಾವ. ಮೈಯಲ್ಲಿ ರಕ್ತ 12 ಇದ್ದವಳು ಅರ್ಧ ಲೀಟರ್ ಹೋದರೂ ತಡೆದುಕೊಳ್ಳುತ್ತಾಳೆ. 8 ಇದ್ದವಳಿಗೆ ಅಷ್ಟೇ ಹೋದರೆ ಕಣ್ಣು ಕತ್ತಲೆ ಬರಬಹುದು, ಹೃದಯ ಸೋಲಬಹುದು.

ಕೆಲವು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ, ಘಟ್ಟದ ಅಂಚಿನ ಹಳ್ಳಿಯಿಂದ ಹೆರಿಗೆಯಾಗಿ ರಕ್ತ ಹೋಗುತ್ತಿದ್ದ ಹುಡುಗಿಯನ್ನು ಕರೆತಂದರು. ದಾರಿಯಲ್ಲಿ ಮರ ಬಿದ್ದು ಎರಡು ತಾಸು ತಡವಾಗಿತ್ತು. ತಾಯಿ ಕಾರ್ಡ್ ತೆಗೆದು ನೋಡಿದೆ. ಮೂರನೇ ತಿಂಗಳಲ್ಲಿ ರಕ್ತ 9 ಚಿಲ್ಲರೆ, ಆಮೇಲೆ ಆ ಕಾಲಂ ಖಾಲಿ. ಮಾತ್ರೆ ಡಬ್ಬಿ ತುಂಬಿಯೇ ಇತ್ತು ಎಂದು ಅವಳ ತಾಯಿ ಆಮೇಲೆ ಹೇಳಿದರು. ರಾತ್ರಿ ಎರಡು ಗಂಟೆಗೆ ರಕ್ತ ಹೊಂದಿಸಲು ಊರಿನ ಹುಡುಗರು ಓಡಾಡಿದರು. ಅವಳು ಉಳಿದಳು. ಆ ಖಾಲಿ ಕಾಲಂ ಮಾತ್ರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಾಗಾಗಿ ನಿಮ್ಮ 9.2 ಓದಿ ನಾನು ಸುಮ್ಮನಿರಲಾರೆ.

ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ. ಕಪ್ಪಾಗುವುದು ನಿಮ್ಮ ಮಲ, ಅದು ಮಾಮೂಲಿ, ಹೆದರಬೇಡಿ. ಮಗುವಿನ ಬಣ್ಣ ನಿಮ್ಮಿಬ್ಬರ ಮನೆತನದಿಂದ ಬರುತ್ತದೆ. ಕೇಸರಿ ಹಾಲು ಕುಡಿದರೂ ಅದು ಬದಲಾಗುವುದಿಲ್ಲ. ವಾಂತಿಗೆ ಉಪಾಯ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೇಡ, ರಾತ್ರಿ ಊಟವಾಗಿ ಒಂದು ತಾಸಿನ ನಂತರ ಮಲಗುವ ಮುಂಚೆ ತಗೊಳ್ಳಿ. ಎಷ್ಟೋ ಜನರಿಗೆ ಇಷ್ಟಕ್ಕೇ ಸರಿಹೋಗುತ್ತದೆ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತ ಸರಿಯಿದ್ದವರಿಗೆ ದಿನಕ್ಕೊಂದು, ನಿಮ್ಮ ಮಟ್ಟದವರಿಗೆ ದಿನಕ್ಕೆ ಎರಡು. ಮೊದಲ ವಾರ ಒಂದರಿಂದ ಶುರು ಮಾಡಿ, ಹೊಟ್ಟೆ ಒಗ್ಗಿದ ಮೇಲೆ ಎರಡಕ್ಕೆ ಏರಿಸಿ. ಜೊತೆಗೆ ಒಂದು ಲೋಟ ಲಿಂಬು ಪಾನಕ ಅಥವಾ ಊಟದಲ್ಲಿ ನೆಲ್ಲಿಕಾಯಿ ತಂಬುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಹಿಂದೆಯೇ ಚಾ ಕುಡಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ, ಅದು ಕಬ್ಬಿಣವನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು. ಅದು ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ ಊಟಕ್ಕೆ.

ತೋಟಕ್ಕೆ ಬರಿಗಾಲಲ್ಲಿ ಇಳಿಯುತ್ತೀರಾ? ಮಳೆಗಾಲದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿ ಇರುತ್ತದೆ. ಪಾದದಿಂದಲೇ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಎಷ್ಟು ಮಾತ್ರೆ ತಿಂದರೂ ರಕ್ತ ಏರದ ಹೆಂಗಸರಲ್ಲಿ ನಾನು ಮೊದಲು ಕೇಳುವುದೇ ಇದನ್ನು. ಮೊದಲ ಮೂರು ತಿಂಗಳು ಕಳೆದ ಮೇಲೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಒಂದು ಮಾತ್ರೆ ಕೊಡುತ್ತಾರೆ. ನಿಮಗೆ ಆ ಸಮಯ ಬಂದಿದೆ, ಕೇಳಿ ತಗೊಳ್ಳಿ, ಚಪ್ಪಲಿ ಹಾಕಿ.

ಒಂದು ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿಸಿ. ಕಮ್ಮಿಯೆಂದರೆ 1 ಗ್ರಾಂ ಏರಿರಬೇಕು. ಏರದಿದ್ದರೆ ಅಥವಾ ಮಾತ್ರೆ ಒಗ್ಗಲೇ ಇಲ್ಲವಾದರೆ ಡ್ರಿಪ್ ಮೂಲಕ ಕಬ್ಬಿಣದ ಇಂಜೆಕ್ಷನ್ ಕೊಡಬಹುದು. ಅದು ರಕ್ತ ಏರಿಸುವುದಲ್ಲ, ಬರೀ ಕಬ್ಬಿಣ. ಆಸ್ಪತ್ರೆಯಲ್ಲಿ ಕೆಲವು ತಾಸು ಇದ್ದು ಮನೆಗೆ ಬರಬಹುದು. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಆಸ್ಪತ್ರೆಯಲ್ಲೇ ಕೊಡಬೇಕು. ಆಗಲೂ ಏರದಿದ್ದರೆ ಹುಟ್ಟಿನಿಂದ ಬಂದ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ) ಗುಣ ಇದೆಯಾ ಎಂದು ನೋಡುವ ಪರೀಕ್ಷೆ ಮಾಡಿಸಬೇಕು.

ಕವಳದ ವಿಷಯ. ಅಡಿಕೆಯೇ ನಮ್ಮ ಅನ್ನ, ನನಗೂ ಗೊತ್ತು. ಆದರೆ ಬಸುರಿನಲ್ಲಿ ಅಡಿಕೆ ತಿನ್ನುವವರಿಗೆ ಸಣ್ಣ ತೂಕದ ಮಗು ಹುಟ್ಟುವುದು ಜಾಸ್ತಿ, ತಂಬಾಕು ಇಲ್ಲದಿದ್ದರೂ. ಪ್ಯಾಪ್-ಎ ಕಮ್ಮಿ ಇರುವ ನಿಮಗಂತೂ ಬೇಡ. ಬಾಯಿ ರುಚಿಗೆ ಶುಂಠಿ, ಲಿಂಬು, ಹುರಿದ ಜೀರಿಗೆ, ಮುರುಗಲು ಪಾನಕ ಇವೆಯಲ್ಲ. ಮೀನು ತಿನ್ನುವವರಾದರೆ ಬಂಗಡೆ, ತಾರಲೆ ಧಾರಾಳವಾಗಿ ತಿನ್ನಿ. ಬಸುರಿಗೆ ಬಂಗಡೆ ನಂಜು ಎನ್ನುವುದಕ್ಕೆ ಆಧಾರವಿಲ್ಲ. ಪಾದರಸ ಸೇರಿರುವ ಭಯ ಇರುವುದು ಶಾರ್ಕಿನಂಥ ದೊಡ್ಡ ಮೀನಿನಲ್ಲಿ, ಅದನ್ನು ಬಿಡಿ.

ಇನ್ನುಳಿದ ಪರೀಕ್ಷೆಗಳು ಯಾವುವೂ ದುಬಾರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಆಗುತ್ತವೆ. ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಆಗಿದೆಯಾ ಎಂದು ಕಾರ್ಡ್ ನೋಡಿ. ಗುಂಪು ನೆಗೆಟಿವ್ ಇದ್ದು ಯಜಮಾನರದ್ದು ಪಾಸಿಟಿವ್ ಆದರೆ ನಿಮ್ಮ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಬೇಕು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ನಾಲ್ಕು ವಾರದ ಅಂತರದಲ್ಲಿ ಎರಡು. ಸಕ್ಕರೆ ಪರೀಕ್ಷೆ ಮೊದಲ ಸಲ ಆಗಿರಬೇಕು, ಮತ್ತೆ 24ರಿಂದ 28 ವಾರದಲ್ಲಿ ಆಗಬೇಕು. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ನೋಡುತ್ತಾರೆ, 140 ಮುಟ್ಟಬಾರದು. “ನಾನು ಸಕ್ಕರೆ ಮುಟ್ಟೋದಿಲ್ಲ, ಜೋನಿಬೆಲ್ಲ ಮಾತ್ರ” ಎನ್ನುವವರು ಇದ್ದಾರೆ. ರಕ್ತಕ್ಕೆ ಎರಡೂ ಒಂದೇ.

ಪ್ರತಿ ಭೇಟಿಯಲ್ಲೂ ಬಿ.ಪಿ. ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. 20 ವಾರದ ನಂತರ 140/90 ಮುಟ್ಟಿದರೆ ಅದು ಗರ್ಭದ ಬಿ.ಪಿ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಚೆನ್ನಾಗೇ ಇದ್ದೇನಲ್ಲ ಎಂದು ಭೇಟಿ ತಪ್ಪಿಸುವವರೇ ಕೊನೆಗೆ ಫಿಟ್ಸ್ ಬಂದು ಬರುತ್ತಾರೆ.

ಮಳೆಗಾಲ ಶುರುವಾಗುತ್ತಿದೆ, ನಿಮ್ಮೂರಿನ ರಸ್ತೆ ಲೆಕ್ಕಕ್ಕೆ ತಗೊಳ್ಳಲೇಬೇಕು. ನಿಮ್ಮ ಅನಾಮಲಿ ಸ್ಕ್ಯಾನಿಂಗ್ ಬೀಳುವುದು ಜುಲೈ ಮೊದಲ ವಾರದ ಆಸುಪಾಸು. ಆಗ ಕರಾವಳಿಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಯಾವತ್ತು ಮಣ್ಣು ಕುಸಿಯುತ್ತದೋ ಹೇಳಲಾಗದು. ಹೊನ್ನಾವರಕ್ಕೆ ಹೋಗಿ ಅಲ್ಲಿಂದ ಮಾಡಿಸುತ್ತೇನೆ ಎಂದು ಕಾಯಬೇಡಿ. ಶಿರಸಿಯಲ್ಲೇ ಈಗಲೇ ದಿನ ಗೊತ್ತು ಮಾಡಿ, ಒಂದೆರಡು ದಿನ ಆಚೀಚೆ ಆದರೂ 20 ವಾರ ದಾಟಬಾರದು. ಹೆರಿಗೆ ನವೆಂಬರ್ ಕೊನೆಗೆ, ಆಗ ಮಳೆ ಇರುವುದಿಲ್ಲ. ತವರಿಗೆ ಹೋಗುವುದಾದರೆ ಎಂಟನೇ ತಿಂಗಳೊಳಗೆ ಹೋಗಿ, ಎಲ್ಲಾ ರಿಪೋರ್ಟ್ ಜೊತೆಗಿರಲಿ, ಅಲ್ಲಿಯ ಡಾಕ್ಟರಿಗೆ ಒಂದು ಸಲ ಮೊದಲೇ ತೋರಿಸಿಡಿ. ಎಂಟರಲ್ಲಿ ಹುಟ್ಟಿದ ಮಗು ಉಳಿಯುವುದಿಲ್ಲ, ಏಳರಲ್ಲಾದರೆ ಉಳಿಯುತ್ತದೆ ಎಂಬ ಮಾತು ಕೇಳಿರುತ್ತೀರಿ, ಅದು ನಿಜವಲ್ಲ. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗುವಿಗೆ ಒಳ್ಳೆಯದೇ.

ರಕ್ತ ಕಂಡರೆ, ನೀರು ಸೋರಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ಮಗುವಿನ ಓಡಾಟ ಕಮ್ಮಿಯಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಜ್ವರ ಬಂದರೂ ಮನೆಯಲ್ಲಿ ಕಷಾಯ ಕುಡಿದು ಕೂರಬೇಡಿ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆಂದೇ ವೈದ್ಯರು ಸಿಗುತ್ತಾರೆ, ತಪಾಸಣೆ ಪುಕ್ಕಟೆ. ಈ 9ಕ್ಕೆ ತಾಯಿ ಕಾರ್ಡ್ ಮತ್ತು ಡಬಲ್ ಮಾರ್ಕರ್ ರಿಪೋರ್ಟ್ ಎರಡನ್ನೂ ತಗೊಂಡು ಹೋಗಿ, ಆಸ್ಪಿರಿನ್ ವಿಷಯ ಕೇಳಿ. ಇವತ್ತು ರಾತ್ರಿ ಕಬ್ಬಿಣದ ಮಾತ್ರೆ ಶುರು ಮಾಡಿ. ಮುಂದಿನ ತಿಂಗಳು ರಕ್ತ ಎಷ್ಟಾಯಿತು ಎಂದು ನನಗೆ ಬರೆದು ತಿಳಿಸಿ, ಕಾಯುತ್ತಿರುತ್ತೇನೆ.